ಗೋಡೆಯಾಚೆಯ ಪಾಠ

ಮೊಳಕಾಲ್ಮೂರಿನಲ್ಲಿ ನಾವಿದ್ದ ಮನೆಗೆ ನಡುಗೋಡೆ ಇದ್ದೂ ಇಲ್ಲದ ಹಾಗಿತ್ತು. ಒಂದೇ ಮಾಳಿಗೆಯನ್ನು ಮಧ್ಯಕ್ಕೆ ಮಣ್ಣಿನ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಕಡೆ ಮನೆಯ ಯಜಮಾನ ನೇಕಾರ ಲಕ್ಷ್ಮಯ್ಯ, ಅವನ ಹೆಂಡತಿ ನರಸಮ್ಮ, ಮಗ ಓಬಳೇಶ, ಜೊತೆಗೆ ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಒಂದು ಗುಂಡಿ ಮಗ್ಗ. ಈಚೆ ಕಡೆ ಬಾಡಿಗೆಗೆ ನಾವು ಮೂವರು: ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ, ಅವ್ವ, ನಾನು. ಗೋಡೆ ತೊಲೆಯವರೆಗೂ ಹೋಗಿರಲಿಲ್ಲ. ಗಾಳಿಯಾಡಲಿ ಎಂದೋ ಮಣ್ಣು ಸಾಲದೆಯೋ ಮೇಲೆ ಒಂದು ಸಂದು ಬಿಟ್ಟಿದ್ದರು. ಆ ಸಂದಿನಲ್ಲಿ ಅವರ ಮನೆಯ ಒಗ್ಗರಣೆಯ ವಾಸನೆ ನಮ್ಮ ಕಡೆ ಬರುತ್ತಿತ್ತು, ನಮ್ಮ ಮನೆಯ ಜಗಳ ಅವರ ಕಡೆ ಹೋಗುತ್ತಿತ್ತು. ಅವರ ಮನೆಮಾತು ತೆಲುಗು, ನಮ್ಮದು ಕನ್ನಡ. ಆದರೂ ಯಾರ ಮನೆಯ ಗುಟ್ಟೂ ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ. ನಾನು ಮೊದಲು ಕಿವಿಗೊಟ್ಟು ಕೇಳಿದ ಸದ್ದು ಯಾವುದೆಂದು ಯಾರಾದರೂ ಕೇಳಿದರೆ, ಅವ್ವನ ಜೋಗುಳ ಎಂದು ಹೇಳಲು ನನಗೂ ಆಸೆಯೇ. ಆದರೆ ಅದು ಲಕ್ಷ್ಮಯ್ಯನ ಮಗ್ಗದ ಸದ್ದು.

ಅವ್ವ ಚಳ್ಳಕೆರೆಯ ವ್ಯಾಪಾರಸ್ಥರ ಮನೆಯಿಂದ ಬಂದವಳು. ತವರಿನಲ್ಲಿ ಕಡ್ಲೆಕಾಯಿ ಮಂಡಿ, ಎಣ್ಣೆ ಗಾಣ, ಉಂಡುಟ್ಟರೂ ಮಿಗುವಷ್ಟು ಎಲ್ಲವೂ ಇತ್ತು. ಇಲ್ಲಿ ನವಣೆ ಅನ್ನ, ಹುರುಳಿ ಸಾರು, ಸಜ್ಜೆ ರೊಟ್ಟಿ. ಮಳೆ ಬಂದ ದಿನ ಮಾಳಿಗೆಯ ಕೆಳಗೆ ಇಡಲು ಪಾತ್ರೆ ಸಾಲದೆ ಅಪ್ಪನ ಪೂಜೆಯ ತಂಬಿಗೆಯನ್ನೂ ತಂದಿಡುತ್ತಿದ್ದಳು. ಅವಳಿಗೆ ಬಡತನದ ಮೇಲಿದ್ದ ಸಿಟ್ಟಿಗಿಂತ, ಆ ಬಡತನ ಗಂಡನ ಕಣ್ಣಿಗೆ ಬೀಳದಿದ್ದುದರ ಮೇಲಿದ್ದ ಸಿಟ್ಟು ಹೆಚ್ಚು. ಅಪ್ಪ ಊಟಕ್ಕೆ ಕೂತರೆ ಸಾಕು, ಶಾಲೆಯ ಕಥೆ ಶುರು. ಯಾವ ಹುಡುಗ ಲೆಕ್ಕದಲ್ಲಿ ಎಲ್ಲಿ ಎಡವಿದ, ಯಾವನು ಇವತ್ತು ತಾನಾಗಿಯೇ ತಿದ್ದಿಕೊಂಡ, ಯಾವನು ಬಳಪ ತಿಂದ. ತುತ್ತು ಕೈಯಲ್ಲಿಯೇ ಒಣಗುತ್ತಿತ್ತು. ಅವ್ವ ಮುದ್ದೆಯನ್ನು ತಟ್ಟೆಗೆ ತುಸು ಜೋರಾಗಿಯೇ ಹಾಕುತ್ತಿದ್ದಳು.

"ಆ ಮಕ್ಕಳ ಕತೆ ತಿಂದ್ರೆ ಹೊಟ್ಟೆ ತುಂಬ್ತೈತೇನ್ರೀ? ನಮ್ಮಣ್ಣ ಎಷ್ಟು ಸಲ ಹೇಳಿ ಕಳ್ಸಿದ. ಮಂಡೀಲಿ ಕೂತು ಲೆಕ್ಕ ಬರೀರಿ ಅಂತ."

"ನಾನು ಕಡ್ಲೆಕಾಯಿ ಲೆಕ್ಕ ಬರ್ಕಂಡು ಕೂತ್ರೆ ಈ ಹುಡುಗ್ರಿಗೆ ಯಾರೇ ಹೇಳ್ಕೊಡೋರು?"

"ಊರಿಗೆ ನೀವೊಬ್ರೇನಾ ಮೇಷ್ಟ್ರು?"

"ಊಟಕ್ಕೆ ಇಕ್ಕೆ, ಆಮೇಲೆ ಬಯ್ಯಿವಂತೆ."

ಈ ಜಗಳ ನನಗೆ ಬಾಯಿಪಾಠವಾಗಿತ್ತು. ಅವ್ವ ಸೋಲುತ್ತಿದ್ದಳು, ಸೋತ ಮೇಲೆ ಮೂಗು ಮುರಿಯುತ್ತಿದ್ದಳು, ಆಮೇಲೆ ಮಜ್ಜಿಗೆ ಬಡಿಸುತ್ತಾ "ಆ ಬಳಪ ತಿಂದ ಹುಡುಗ ಏನಾದ?" ಎಂದು ತಾನೇ ಕೇಳುತ್ತಿದ್ದಳು.

ಆ ಊರಿನ ಮೇಷ್ಟ್ರಿಗೆ ಬೇರೆ ಊರಿನ ಮೇಷ್ಟ್ರಿಗಿಲ್ಲದ ಒಂದು ತೊಡಕಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ನೇಯುವವನ ಕೈ ಒಂದು ಪಕ್ಕದ ಅಂಚಿಗೆ ನಿಲುಕಿದರೆ ಇನ್ನೊಂದು ಪಕ್ಕಕ್ಕೆ ನಿಲುಕದು. ಆ ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿ ಅಂಚಿನ ನೂಲು ಹೊತ್ತ ಲಾಳಿ ತಳ್ಳಿಸುತ್ತಿದ್ದರು. ದೊಡ್ಡವರು ಅಲ್ಲಿ ಕೂತರೆ ಮನೆಯಲ್ಲಿ ಇನ್ನೊಂದು ಕೆಲಸ ನಿಂತಂತೆ, ಹಾಗಾಗಿ ಮಕ್ಕಳೇ ಬೇಕು. ಸೀರೆ ಮಗ್ಗದ ಮೇಲಿದ್ದಷ್ಟು ಕಾಲ ನೇಕಾರರ ಹುಡುಗರು ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ, ಸೀರೆಯಂತೂ ಯಾವಾಗಲೂ ಮಗ್ಗದ ಮೇಲೇ ಇರುತ್ತಿತ್ತು. ಬೇರೆ ಮೇಷ್ಟ್ರುಗಳು ಅವರನ್ನು ಕೈಬಿಟ್ಟಿದ್ದರು. ಅಪ್ಪ ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಮಗ್ಗದ ಮನೆಗಳಿಗೆ ತಾನೇ ಹೋಗುತ್ತಿದ್ದ. ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ತಳ್ಳುವ ಮಗುವಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಲಾಳಿ ಹೋದಾಗ ಅಪ್ಪ ಕೇಳಬೇಕು, ಲಾಳಿ ಬಂದಾಗ ಮಗು ಹೇಳಬೇಕು. ನೇಕಾರರು ಮೊದಮೊದಲು ನಕ್ಕರು, ಆಮೇಲೆ ಅವರೂ ಮಗ್ಗದ ವೇಗವನ್ನು ಪಾಠಕ್ಕೆ ಹೊಂದಿಸಿದರು. ಅವರು ಅಪ್ಪನನ್ನು 'ಪಂತುಲುಗಾರು' ಎನ್ನುತ್ತಿದ್ದರು. ತೆಲುಗಿನಲ್ಲಿ ಮೇಷ್ಟ್ರಿಗೆ ಕೊಡುವ ಮರ್ಯಾದೆಯ ಹೆಸರು ಅದು. ಅಪ್ಪನಿಗೆ ಆ ಹೆಸರೆಂದರೆ ಪ್ರಾಣ, ಮೇಲೆ ಮಾತ್ರ ತೋರಿಸಿಕೊಳ್ಳುತ್ತಿರಲಿಲ್ಲ.

ಕೊನೆಯ ಪಾಠ ಯಾವಾಗಲೂ ಲಕ್ಷ್ಮಯ್ಯನ ಮಗ್ಗದ್ದು. ಅವ್ವ ಒಲೆಯ ಮುಂದೆ, ನಾನು ಗೋಡೆಯ ಸಂದಿನ ಕೆಳಗೆ. ಹೆಣ್ಣುಮಗಳನ್ನು ಆ ಕಾಲದಲ್ಲಿ ಯಾರು ಶಾಲೆಗೆ ಕಳಿಸುತ್ತಿದ್ದರು? ಓಬಳೇಶ ಆಚೆ ಹೇಳಿದ್ದನ್ನು ನಾನು ಈಚೆ ಹೇಳುತ್ತಿದ್ದೆ. ಅವನು ಲಾಳಿ ತಳ್ಳುವ ಹೊತ್ತಿಗೆ ನನ್ನ ಕೈಯೂ ಮುಂದೆ ಹೋಗುತ್ತಿತ್ತು, ಬರಿ ಗಾಳಿಯನ್ನು ತಳ್ಳುತ್ತಿತ್ತು. ಅವನು ತಪ್ಪಿದಾಗ ನಾನು ಈ ಕಡೆಯಿಂದ ಕೂಗಿ ಹೇಳಿದರೆ ಲಕ್ಷ್ಮಯ್ಯ ಮಗ್ಗ ನಿಲ್ಲಿಸಿ ನಗುತ್ತಿದ್ದ. ಅಪ್ಪ ಮನೆಗೆ ಬಂದ ಮೇಲೆ ಮರದ ತಟ್ಟೆಗೆ ಮರಳು ಹರವಿ ನನಗೆ ಅಕ್ಷರ ಬರೆಸುತ್ತಿದ್ದ. ನಾನು ಕಲಿತದ್ದೆಲ್ಲ ಹೀಗೆಯೇ, ಅರ್ಧ ಗೋಡೆಯಾಚೆಯಿಂದ, ಅರ್ಧ ಮರಳಿನ ಮೇಲೆ.

ಆಗ ಶಾಲೆಗೆ ಒಬ್ಬರು ದೊಡ್ಡ ಮೇಷ್ಟ್ರಿದ್ದರು. ವಯಸ್ಸಾದವರು, ಹೆಂಡತಿ ತೀರಿಕೊಂಡಿದ್ದರು. ಶಾಲೆ ನಡೆಯುತ್ತಿದ್ದದ್ದು ಒಂದು ಹಳೆಯ ಛತ್ರದ ಜಗಲಿಯಲ್ಲಿ, ಕೂರಲು ಚಾಪೆಯೂ ಸರಿಯಾಗಿ ಇರಲಿಲ್ಲ. ಸಂಜೆ ಅವರು ಕೋಲೂರಿಕೊಂಡು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅವ್ವ ಮಜ್ಜಿಗೆ ಕೊಡುತ್ತಿದ್ದಳು. ಒಂದು ಗುಟುಕು ಕುಡಿದು ಅಪ್ಪನ ಕಡೆ ತಿರುಗಿ ಅದೇ ಮಾತು.

"ಏನಪ್ಪಾ ಸಿದ್ದಪ್ಪ, ಇವತ್ತು ಏನಾಯ್ತು ಹೇಳು."

ಅಪ್ಪ ಹೇಳುತ್ತಿದ್ದ. ಅವರು ಕೇಳುತ್ತಿದ್ದರು. ಬುದ್ಧಿ ಹೇಳುತ್ತಿದ್ದದ್ದು ಕಡಿಮೆ. ಒಂದು ಸಲ ಅಪ್ಪ ಅಳುಕಿನಿಂದಲೇ ಮಗ್ಗದ ಮನೆಯ ಪಾಠದ ವಿಷಯ ತೆಗೆದ, ಸರ್ಕಾರದವರಿಗೆ ತಿಳಿದರೆ ಏನನ್ನುತ್ತಾರೋ ಎಂದ. ಅವರು ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಂಡರು.

"ಮಗು ಎಲ್ಲಿ ಕೂತೈತೋ ಅಲ್ಲೇ ಸಾಲೆ ಕಣಪ್ಪ. ಯಾರಾದ್ರೂ ಕೇಳಿದ್ರೆ ನಾನು ಹೇಳ್ದೆ ಅನ್ನು."

ಅಷ್ಟೇ. ಸೋರುವ ಮಾಳಿಗೆ, ಹರಕು ಚಾಪೆ, ಅವ್ವನ ಬಯ್ಗುಳ ಎಲ್ಲವನ್ನೂ ಅಪ್ಪ ತಡೆದುಕೊಂಡದ್ದು ಆ ಜಗಲಿಯ ಮಾತಿನ ಬಲದಿಂದ ಎಂದು ನನಗೆ ಅರ್ಥವಾಗುವ ಹೊತ್ತಿಗೆ ನನ್ನ ತಲೆಯೂ ನರೆತಿತ್ತು.

ಒಂದು ಬೇಸಿಗೆಯಲ್ಲಿ ದೊಡ್ಡ ಮೇಷ್ಟ್ರು ಕಾಯಿಲೆ ಬಿದ್ದು ಕೆಲಸ ಬಿಟ್ಟು ತಮ್ಮ ಊರು ಕೊಂಡ್ಲಹಳ್ಳಿಗೆ ಹೊರಟುಹೋದರು. ಅವರ ಜಾಗಕ್ಕೆ ಮೈಸೂರಿನ ಕಡೆಯಿಂದ ಹೊಸ ಹೆಡ್‌ಮೇಷ್ಟ್ರು ಬಂದರು. ಅವರ ಬಗ್ಗೆ ಕೆಟ್ಟದ್ದು ಹೇಳುವುದು ಸುಲಭವಲ್ಲ, ಅದೇ ತಾಪತ್ರಯ. ಕುಡಿಯುವವರಲ್ಲ, ಲಂಚದವರಲ್ಲ, ಯಾರ ಮೇಲೂ ಕೈ ಮಾಡಿದವರಲ್ಲ, ದನಿ ಏರಿಸಿದವರೂ ಅಲ್ಲ. ಬಂದ ವರ್ಷವೇ ಓಡಾಡಿ ಶಾಲೆಗೆ ಹೊಸ ಕಟ್ಟಡ ಮಾಡಿಸಿದರು. ಹೆಂಚಿನ ಸೂರು, ಗೋಡೆಗೆ ಸುಣ್ಣ, ಪ್ರತಿ ತರಗತಿಗೂ ಕಪ್ಪು ಹಲಗೆ, ಪ್ರತಿ ಮೇಷ್ಟ್ರಿಗೂ ಒಂದು ಕುರ್ಚಿ. ಕುರ್ಚಿಯ ಸುದ್ದಿ ಕೇಳಿ ಅವ್ವ ಹಿಗ್ಗಿದ್ದು ಅಷ್ಟಿಷ್ಟಲ್ಲ. ಅಪ್ಪನ ಅಂಗಿಗೆ ಗಂಜಿ ಹಾಕಿದಳು, ರುಮಾಲನ್ನು ಹಿಂಡಿ ನೆರಳಿನಲ್ಲಿ ಒಣಗಿಸಿದಳು. ಇನ್ನು ತವರಿನವರ ಮುಂದೆ ತಲೆಯೆತ್ತಿ ಮಾತಾಡಬಹುದು ಎಂದು ನರಸಮ್ಮನ ಬಳಿ ಹೇಳಿಕೊಂಡಳು. ಅಪ್ಪನೂ ಮೊದಲ ದಿನಗಳಲ್ಲಿ ಖುಷಿಯಾಗಿಯೇ ಇದ್ದ. ಕಪ್ಪು ಹಲಗೆಗೆ ಬಳಿಯಲು ಇದ್ದಿಲನ್ನು ತಾನೇ ಅರೆದುಕೊಂಡು ಹೋದ.

ಹೊಸಬರ ಶಿಸ್ತು ಆಮೇಲೆ ಗೊತ್ತಾಯಿತು. ದೊಡ್ಡ ತರಗತಿಯ ಹುಡುಗರಲ್ಲಿ ಕೆಲವರನ್ನು ಆರಿಸಿ ಒಂದೊಂದು ತರಗತಿಯ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಮೇಷ್ಟ್ರು ಎಷ್ಟು ಹೊತ್ತಿಗೆ ಬಂದರು, ಪಾಠ ಬಿಟ್ಟು ಏನು ಮಾತಾಡಿದರು, ಯಾವ ಮಾತನ್ನು ಹಳ್ಳಿಯ ರೀತಿಯಲ್ಲಿ ಆಡಿದರು ಎಂಬುದನ್ನೆಲ್ಲ ಆ ಹುಡುಗರು ಹೋಗಿ ಹೇಳಬೇಕು. ಸಂಜೆ ಶಾಲೆ ಬಿಡುವ ಮುಂಚೆ ಮೇಷ್ಟ್ರುಗಳೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಮಕ್ಕಳು ಸುತ್ತ ಕೂತಿರುತ್ತಿದ್ದರು. ಹೆಡ್‌ಮೇಷ್ಟ್ರು ಪ್ರತಿಯೊಬ್ಬರ ಅಂದಿನ ತಪ್ಪನ್ನು ಮೆತ್ತಗೆ ಹೇಳುತ್ತಿದ್ದರು. ಅಪ್ಪನಿಗಿಂತ ಕಿರಿಯ ಮೇಷ್ಟ್ರೊಬ್ಬರು ಎರಡೇ ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋದರು. ಅಪ್ಪನ ತಪ್ಪುಗಳಲ್ಲಿ ಮೊದಲನೆಯದು ಮಗ್ಗದ ಮನೆ. ಅದನ್ನು ಹೇಳಿದಾಗ ಹೆಡ್‌ಮೇಷ್ಟ್ರ ಬಾಯಿಂದ ಬಂದ ಮಾತು, ಅಂದು ಅಪ್ಪನನ್ನು ಪಾಠಕ್ಕೆ ಕರೆಯಲು ಹೋಗಿದ್ದ ಓಬಳೇಶನಿಗೆ ಹಾಗೆಯೇ ನೆನಪಿದ್ದು, ಮನೆಗೆ ಬಂದು ನನ್ನ ಮುಂದೆ ಅವರಂತೆಯೇ ದನಿ ಮಾಡಿ ಹೇಳಿದ್ದ.

"ಸಿದ್ದಪ್ಪನವರೇ, ತಾವು ಸರ್ಕಾರದ ಉಪಾಧ್ಯಾಯರು. ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಕೂರುವುದು ತಮಗೂ ಶೋಭೆಯಲ್ಲ, ಈ ಶಾಲೆಗೂ ಶೋಭೆಯಲ್ಲ. ನಾಳೆಯಿಂದ ಬೇಡ."

ಅಪ್ಪ ಮರುದಿನವೂ ಹೋದ. ಅದರ ಮರುದಿನ ಅಂಗಳದಲ್ಲಿ ಮಕ್ಕಳೆಲ್ಲರ ಎದುರು ಅವನಿಂದ "ಇನ್ನು ಹೋಗುವುದಿಲ್ಲ" ಎಂದು ಹೇಳಿಸಿದರು. ಆ ಸಂಜೆ ಲಕ್ಷ್ಮಯ್ಯ ನಮ್ಮ ಬಾಗಿಲಿಗೆ ಬಂದು, ಒಳಗೆ ಬರದೆ ಹೊಸ್ತಿಲಾಚೆ ನಿಂತ. ಅವನ ಕನ್ನಡದಲ್ಲಿ ಯಾವಾಗಲೂ ಅರ್ಧ ತೆಲುಗು.

"ಪಂತುಲುಗಾರು, ನಮ್ಮಿಂದ ನಿಮ್ಗೆ ಮಾತು ಬರೋದು ವದ್ದು. ಬ್ಯಾಡ. ಇನ್ಮೇಲೆ ಮಗ್ಗದ ಕಡೆ ಬರಬ್ಯಾಡ್ರಿ."

ಅಪ್ಪ ತಲೆಯಾಡಿಸಿದ. ಲಕ್ಷ್ಮಯ್ಯ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು. ಆದರೆ ಅಪ್ಪನಿಗೆ ಆ ಊರಿನಲ್ಲಿ ಉಳಿದಿದ್ದ ಒಂದು ಬಾಗಿಲೂ ಹಾಗೆ ಮುಚ್ಚಿಹೋಯಿತು.

ಸ್ವಲ್ಪ ದಿನಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಗೊತ್ತಾಯಿತು. ಅಪ್ಪನ ತರಗತಿಯಲ್ಲಿ ಅರ್ಧ ಮಕ್ಕಳೂ ಇರುವುದಿಲ್ಲ, ಪಂತುಲುಗಾರಿಗೆ ಅವಮಾನವಾಗುತ್ತದೆ ಎಂದು ನೇಕಾರರ ಬೀದಿಯಲ್ಲಿ ಮಾತಾಯಿತು. ಅವರು ಹಿಂದೆಂದೂ ಮಾಡದ ಕೆಲಸ ಮಾಡಿದರು. ಆ ದಿನ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಬೀದಿಯಲ್ಲಿ ಒಂದೂ ಸದ್ದಿಲ್ಲ, ನನಗೆ ಅದನ್ನು ಕೇಳಿ ಭಯವೇ ಆಗಿತ್ತು. ಹುಡುಗರಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ವಿಭೂತಿಯೋ ನಾಮವೋ ಇಟ್ಟು, ಒಬ್ಬರನ್ನೂ ಬಿಡದೆ ಶಾಲೆಗೆ ಕಳಿಸಿದರು. ನರಸಮ್ಮ ಓಬಳೇಶನಿಗೆ ಹಬ್ಬದ ಅಂಗಿ ಹಾಕಿದಳು. ಅವ್ವ ಎಲ್ಲರ ಬಾಯಿಗೂ ಒಂದೊಂದು ಚೂರು ಬೆಲ್ಲ ಹಾಕಿದಳು. ಅಪ್ಪ ಮುಂದೆ, ಆ ಹುಡುಗರ ಹಿಂಡು ಹಿಂದೆ. ಅಪ್ಪ ಅಷ್ಟು ಬೀಗಿಕೊಂಡು ನಡೆದದ್ದನ್ನು ನಾನು ನೋಡಿದ್ದು ಅದೇ ಕೊನೆ.

ಆ ದಿನ ಶಾಲೆಯಲ್ಲಿ ಏನಾಯಿತೆಂದು ಅಪ್ಪ ಹೇಳಲಿಲ್ಲ. ಬಳಪ ತಿಂದ ಹುಡುಗನ ಕಥೆಯನ್ನು ಮೂರು ಸಲ ಹೇಳಿದವನು ಇದನ್ನು ಒಂದು ಸಲವೂ ಹೇಳಲಿಲ್ಲ. ನಮಗೆ ಗೊತ್ತಾದದ್ದು ಗೋಡೆಯ ಸಂದಿನಿಂದ, ಓಬಳೇಶ ಅಳುತ್ತಾ ನರಸಮ್ಮನಿಗೆ ಹೇಳುತ್ತಿದ್ದಾಗ. ಸಾಹೇಬರು ನೇಕಾರರ ಹುಡುಗರಿಗೆ ಮಗ್ಗಿ ಕೇಳಿದರಂತೆ. ಹುಡುಗರು ಒಟ್ಟಿಗೆ ಶುರು ಮಾಡಿದರಂತೆ, ಶುರು ಮಾಡಿದ ಕೂಡಲೆ ಎಲ್ಲರ ಬಲಗೈಯೂ ಮುಂದಕ್ಕೆ ಹಿಂದಕ್ಕೆ ಹೋಗತೊಡಗಿತಂತೆ. ಲಾಳಿ ತಳ್ಳುತ್ತಾ ಕಲಿತವರು ಅಲ್ಲವೇ, ಕೈ ಆಡಿದರೆ ತಾನೆ ಬಾಯಿ ಆಡುವುದು. ಬೇರೆ ಮಕ್ಕಳು ಕಿಸಕ್ಕನೆ ನಕ್ಕವು. ಹೆಡ್‌ಮೇಷ್ಟ್ರು ಮುಂದೆ ಬಂದು, ಶಾಲೆಯಲ್ಲಿ ಕೂರುವ ರೀತಿ ಇದಲ್ಲ, ಕೈ ಕಟ್ಟಿ ಎಂದರು. ಹುಡುಗರು ಕೈ ಕಟ್ಟಿದರು. ಕೈ ಕಟ್ಟಿದ ಮೇಲೆ ಒಬ್ಬನಿಗೂ ಒಂದಕ್ಷರ ಬರಲಿಲ್ಲ.

"ಕೈ ಬಿಡ್ಲಿ ಸ್ವಾಮಿ, ಹೇಳ್ತಾವೆ. ಎಲ್ಲಾ ಬರ್ತೈತೆ ಅವಕ್ಕೆ" ಎಂದನಂತೆ ಅಪ್ಪ.

"ಇದು ಶಾಲೆ, ಸಿದ್ದಪ್ಪನವರೇ" ಎಂದರಂತೆ ಹೆಡ್‌ಮೇಷ್ಟ್ರು.

ಸಾಹೇಬರಿಗೆ ಇನ್ನೂ ಬೇರೆ ತರಗತಿಗಳಿದ್ದವು. ಇವಕ್ಕೆ ಏನೂ ಕಲಿಸಿಲ್ಲ ಎಂದು ಹೇಳಿ ಮುಂದೆ ಹೋದರು. ಅಪ್ಪ ಕುರ್ಚಿಯ ಹಿಂದೆ ನಿಂತೇ ಇದ್ದ. ಓಬಳೇಶ ಅಷ್ಟು ಹೇಳಿ, ನರಸಮ್ಮನ ಮಡಿಲಲ್ಲಿ ಮುಖವಿಟ್ಟುಕೊಂಡೋ ಏನೋ, ಮಗ್ಗಿಯನ್ನು ಮೊದಲಿನಿಂದ ಕೊನೆಯವರೆಗೂ ತಪ್ಪಿಲ್ಲದೆ ಹೇಳಿದ. ಈಚೆ ಕಡೆ ಅಪ್ಪ ಊಟಕ್ಕೆ ಕೂತಿದ್ದ. ಅವನಿಗೂ ಕೇಳಿಸಿತು. ಅವನು ಕೈ ತೊಳೆದು ಎದ್ದ.

ಆಮೇಲೆ ನಮ್ಮ ಮನೆ ಬೇರೆಯೇ ಆಯಿತು. ಹೊರಗಿನವರು ನೋಡಿದರೆ ಏನೂ ಕಡಿಮೆಯಾಗಿರಲಿಲ್ಲ. ಅಪ್ಪ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗುತ್ತಿದ್ದ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಅಂಗಿ ಗಂಜಿಯಿಂದ ಗಡುಸಾಗಿ ನಿಂತಿರುತ್ತಿತ್ತು. ಸಂಜೆಯ ಸಾಲಿನಲ್ಲಿ ಅವನ ಮೇಲೆ ದೂರು ನಿಂತುಹೋಯಿತು, ಒಂದೆರಡು ಸಲ ಹೊಗಳಿದರು ಎಂದೂ ಕೇಳಿದೆ. ಮನೆಯಲ್ಲಿ ಅವನ ಮಾತೂ ಬದಲಾಯಿತು. 'ಐತೆ' ಎನ್ನುತ್ತಿದ್ದವನು 'ಇದೆ' ಎನ್ನತೊಡಗಿದ, ಅದನ್ನೂ ಅಳೆದು ತೂಗಿ, ಬಾಗಿಲಾಚೆ ಯಾರೋ ನಿಂತಿದ್ದಾರೆ ಎಂಬ ಹಾಗೆ. ನಾನು ಮರಳಿನ ತಟ್ಟೆ ತಂದು ಮುಂದಿಟ್ಟರೆ "ನಾಳೆ" ಎನ್ನುತ್ತಿದ್ದ. ಕೊನೆಗೆ ಅವ್ವ ಆ ತಟ್ಟೆಯಲ್ಲಿ ಮೆಣಸಿನಕಾಯಿ ಒಣಗಿಸಿದಳು. ಮೊದಲೆಲ್ಲ ತುತ್ತು ಒಣಗುತ್ತದೆ ಎಂದು ಬಯ್ಯುತ್ತಿದ್ದವಳಿಗೆ ಈಗ ಅಪ್ಪ ಬೇಗ ಊಟ ಮುಗಿಸಿ ಏಳುವುದನ್ನು ನೋಡಲು ಆಗುತ್ತಿರಲಿಲ್ಲ. ಒಂದು ಸಂಜೆ ಅವಳು ಮಜ್ಜಿಗೆಯ ಲೋಟ ಹಿಡಿದುಕೊಂಡು ಜಗಲಿಗೇ ಹೋಗಿ, ದೊಡ್ಡ ಮೇಷ್ಟ್ರು ಕೂರುತ್ತಿದ್ದ ಜಾಗದಲ್ಲಿ ಕೂತಳು. ಹೆಂಗಸು ಜಗಲಿಯ ಮೇಲೆ ಗಂಡನ ಎದುರು ಕೂರುವುದು ನಮ್ಮಲ್ಲಿ ಇರಲಿಲ್ಲ.

"ಇವತ್ತು ಏನಾಯ್ತ್ರೀ? ಹೇಳ್ರಿ."

"ಏನಿಲ್ಲ."

"ಹುಡುಗ್ರು ಏನಂದ್ರು?"

"ಏನೂ ಇಲ್ಲ ಕಣೇ. ಪಾಠ ಆಯ್ತು, ಬಂದೆ."

ಅವ್ವ ಲೋಟವನ್ನು ಅಪ್ಪನ ಪಕ್ಕದಲ್ಲಿಟ್ಟು ಒಳಗೆ ಬಂದಳು. ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಅವಳಿಗೆ ಅಕ್ಷರ ಬಾರದು, ಶಾಲೆಯ ಗಂಧಗಾಳಿ ಇಲ್ಲ. ಅವಳು ಆ ಪ್ರಶ್ನೆ ಕೇಳಿದ್ದಕ್ಕೆ ನಾನು ಅವಳನ್ನು ಈಗಲೂ ಮನಸ್ಸಿನಲ್ಲಿ ಕೈ ಮುಗಿದು ನೆನೆಯುತ್ತೇನೆ. ಉತ್ತರ ಬರಲಿಲ್ಲ ಎಂಬುದು ಅವಳ ತಪ್ಪಲ್ಲ.

ಚಳ್ಳಕೆರೆಯಿಂದ ಮಾವ ಬಂದದ್ದು ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡಲು. ಪ್ರತಿ ವರ್ಷ ಬಂದಾಗಲೂ ಊಟದ ನಡುವೆ ಅದೇ ಮಾತೆತ್ತುತ್ತಿದ್ದ, ಅಪ್ಪ ಅದೇ ಉತ್ತರ ಕೊಡುತ್ತಿದ್ದ, ಇಬ್ಬರೂ ಸ್ವಲ್ಪ ಮುನಿಸಿಕೊಂಡು ಮತ್ತೆ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸರಿಹೋಗುತ್ತಿದ್ದರು. ಆ ಸಲವೂ ಮಾವ ಅಭ್ಯಾಸ ಬಲದಿಂದ ಕೇಳಿದ, ಉತ್ತರಕ್ಕೆ ಕಾಯದೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

"ಏನ್ ಭಾವ, ಈ ಸಲನಾದ್ರೂ ಮಂಡಿ ಕಡೆ ಬರ್ತೀರೋ ಇಲ್ವೋ?"

"ಆಗ್ಲಿ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಅವನು ಅವ್ವನ ಮುಖ ನೋಡಿದ. ಅವ್ವ ಕೇಳಿ ಕೇಳಿ ಸಾಕಾಗಿದ್ದ ಮಾತು ಅದು, ಅದಕ್ಕಾಗಿ ಹರಕೆಯನ್ನೂ ಹೊತ್ತಿದ್ದವಳು. ತುಪ್ಪದ ಗಿಂಡಿಯನ್ನು ಕೆಳಗಿಟ್ಟು ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

"ಯಾಕವ್ವ? ನೀನೇ ಕೇಳ್ತಿದ್ದಲ್ಲ."

"ನಿಮ್ಮಪ್ಪ ಬಯ್ದು ಇಲ್ಲ ಅಂತಾರೆ ಅಂದ್ಕಂಡಿದ್ದೆ ಕಣೇ. ಒಂದು ಸಲನಾದ್ರೂ ಬಯ್ಬೇಕಿತ್ತು."

ಗಾಡಿ ಹೊರಟ ದಿನ ನೇಕಾರರ ಬೀದಿಯವರೆಲ್ಲ ಬಂದಿದ್ದರು. ನರಸಮ್ಮ ನನ್ನ ಮಡಿಲಿಗೆ ಒಂದು ರೇಷ್ಮೆ ಚೂರು ಹಾಕಿದಳು, ರವಿಕೆಗೆ ಸಾಲದಷ್ಟು. ಲಕ್ಷ್ಮಯ್ಯ ಎತ್ತಿನ ಕುತ್ತಿಗೆ ತಡವುತ್ತಾ ನಿಂತಿದ್ದ. ಹೆಡ್‌ಮೇಷ್ಟ್ರೂ ಬಂದರು. ನಿಮ್ಮಂಥ ಶಿಸ್ತಿನವರು ಬಿಟ್ಟು ಹೋಗುತ್ತಿರುವುದು ಶಾಲೆಗೆ ನಷ್ಟ ಎಂದರು. ಅವರು ಅದನ್ನು ಮನಸ್ಸಿನಿಂದಲೇ ಹೇಳಿದರು, ಅದು ನನಗೆ ಗೊತ್ತು. ಇಷ್ಟು ವರ್ಷಗಳಾದರೂ ನನಗೆ ಅವರ ಮೇಲಿನ ಸಿಟ್ಟು ಇಳಿಯದಿರಲು ಅದೇ ಕಾರಣ. ಅಪ್ಪ ಮನಸ್ಸಿನಲ್ಲಿ ಕೆಲಸ ಬಿಟ್ಟು ಆಗಲೇ ವರ್ಷ ಕಳೆದಿತ್ತು, ಅವರಿಗೆ ಅದು ತಿಳಿಯಲೇ ಇಲ್ಲ.

ಚಳ್ಳಕೆರೆಯಲ್ಲಿ ನಾವು ಚೆನ್ನಾಗಿಯೇ ಬದುಕಿದೆವು. ಸೋರದ ಮನೆ, ಹೊಟ್ಟೆ ತುಂಬ ಅನ್ನ. ಅಪ್ಪ ಮಂಡಿಯಲ್ಲಿ ಗೋಡೆಗೊರಗಿ ಕೂತು ಲೆಕ್ಕ ಬರೆಯುತ್ತಿದ್ದ, ಅವನ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಹಳ್ಳಿಗಳಿಂದ ಕಡ್ಲೆಕಾಯಿ ತಂದ ರೈತರ ಜೊತೆ ಅವರ ಮಕ್ಕಳೂ ಬರುತ್ತಿದ್ದವು, ಚೀಲಗಳ ಮೇಲೆ ಹತ್ತಿ ಕುಣಿಯುತ್ತಿದ್ದವು. ಅಪ್ಪ ತಲೆ ಎತ್ತಿ ಒಂದು ಮಗುವಿನ ಹೆಸರು ಕೇಳಿದ್ದನ್ನೂ ನಾನು ಕಾಣೆ. ನನ್ನನ್ನು ಮುಂದೆ ಓದಿಸಿದ್ದು ಮಾವ. ಅಪ್ಪ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಓದು ಮುಗಿದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಬಾ ಎಂದು ಕರೆ ಬಂದಾಗ ನಾನು ಓಡಿಕೊಂಡು ಮಂಡಿಗೇ ಹೋದೆ. ಅಪ್ಪ ಬರೆಯುತ್ತಿದ್ದ ಲೆಕ್ಕಣಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಯಾವ ಊರು ಎಂದು ಕೇಳಲಿಲ್ಲ, ಯಾವ ತರಗತಿ ಎಂದೂ ಕೇಳಲಿಲ್ಲ. ಬಹಳ ವರ್ಷಗಳ ಮೇಲೆ ಅವನ ಬಾಯಲ್ಲಿ ಹಳೆಯ ಹಳ್ಳಿಯ ಮಾತು ಬಂತು.

"ಅಲ್ಲಿ ದೊಡ್ಡ ಮೇಷ್ಟ್ರು ಯಾರವ್ವ?"

"ಗೊತ್ತಿಲ್ಲಪ್ಪ. ಹೋದ್ಮೇಲೆ ತಾನೆ ಗೊತ್ತಾಗೋದು."

"ಮೊದ್ಲು ಅದನ್ನ ವಿಚಾರಿಸ್ಕಂಡು ಬಾ. ಸೂರು ಸೋರಿದ್ರೂ ಸೋರ್ಲಿ, ಕುರ್ಚಿ ಇಲ್ದಿದ್ರೂ ಇಲ್ದಿರ್ಲಿ. ಸಂಜೆ ಹೊತ್ತು ನಿನ್ನ ಏನಂತ ಕೇಳ್ತಾರೆ ಅನ್ನೋದು ತಿಳ್ಕ. ಆಮೇಲೆ ಹೂಂ ಅನ್ನು."

ಅಷ್ಟರಲ್ಲಿ ಗಿರಾಕಿಯ ಗಾಡಿ ಬಂದು ನಿಂತಿತು. ಅಪ್ಪ ಕಿವಿಯಿಂದ ಲೆಕ್ಕಣಿಕೆ ತೆಗೆದುಕೊಂಡು ಎದ್ದು ಹೋದ.